ಹೊಗೆಯಲ್ಲಿ ಕೈಗೆ ಸಿಗುವ ದಾರಿ: ತುರ್ತು ನಿರ್ಗಮನಕ್ಕೆ ಯಾವ ಸ್ಪರ್ಶ ಸೂಚಕವನ್ನು ಆರಿಸಬೇಕು?

ಮೆಟ್ರೊ ನಿಲ್ದಾಣ, ದೊಡ್ಡ ಆಸ್ಪತ್ರೆ, ಸರ್ಕಾರಿ ಕಚೇರಿಗಳ ನೆಲದ ಮೇಲೆ ಹಳದಿ ಬಣ್ಣದ ಉಬ್ಬು ಟೈಲ್ಸ್ ಕಾಣುವುದು ಈಗ ಹೊಸದೇನಲ್ಲ. ಬಹುತೇಕ ಕಟ್ಟಡಗಳಲ್ಲಿ ಆ ಸಾಲು ಮುಖ್ಯ ಬಾಗಿಲಿನಿಂದ ವಿಚಾರಣೆಯ ಮೇಜಿಗೆ, ಅಲ್ಲಿಂದ ಲಿಫ್ಟಿಗೆ ಕರೆದೊಯ್ಯುತ್ತದೆ. ದಿನನಿತ್ಯದ ಓಡಾಟಕ್ಕೆ ಅದು ಸರಿಯಾದ ವ್ಯವಸ್ಥೆಯೇ. ಆದರೆ ಬೆಂಕಿ ಬಿದ್ದಾಗ ಬಳಸಬಾರದೆಂಬ ಫಲಕವನ್ನು ತಗುಲಿಸಿರುವುದೂ ಅದೇ ಲಿಫ್ಟಿನ ಪಕ್ಕದಲ್ಲೇ. ಸ್ಪರ್ಶವನ್ನೇ ನಂಬಿ ನಡೆಯುವವರಿಗೆ ದಿನವೂ ಅಭ್ಯಾಸವಾಗಿರುವ ದಾರಿ, ಅಪಾಯದ ಗಳಿಗೆಯಲ್ಲಿ ಹೋಗಬಾರದ ಜಾಗಕ್ಕೇ ಅವರನ್ನು ತಂದು ನಿಲ್ಲಿಸುತ್ತದೆ. ಆದ್ದರಿಂದ ತುರ್ತು ನಿರ್ಗಮನದ ಸ್ಪರ್ಶ ಸೂಚಕಗಳನ್ನು ಸಾಮಾನ್ಯ ಓಡಾಟದ ಟೈಲ್ಸ್‌ನ ಮುಂದುವರಿಕೆ ಎಂದು ಭಾವಿಸದೆ, ಬೇರೆಯೇ ಒಂದು ತೀರ್ಮಾನವೆಂದು ತೆಗೆದುಕೊಳ್ಳಬೇಕು. ಅಪಾರ್ಟ್‌ಮೆಂಟ್ ಸಂಘಗಳು, ಶಾಲಾ ಆಡಳಿತ ಮಂಡಳಿಗಳು, ಆಸ್ಪತ್ರೆ ಮತ್ತು ಕಚೇರಿಗಳ ನಿರ್ವಾಹಕರು ಆ ತೀರ್ಮಾನ ಮಾಡುವಾಗ ಮುಂದಿರುವ ಆಯ್ಕೆಗಳನ್ನು ಇಲ್ಲಿ ಹೋಲಿಸಿ ನೋಡಲಾಗಿದೆ.

ಈ ವ್ಯವಸ್ಥೆ ಯಾರಿಗಾಗಿ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿ ಸಂಬಂಧಿ ಅಂಗವೈಕಲ್ಯ ಇರುವವರ ಸಂಖ್ಯೆ ಸುಮಾರು 50 ಲಕ್ಷ. ಸ್ಪರ್ಶ ಸೂಚಕಗಳ ಮೇಲಿನ ಮೊದಲ ಹಕ್ಕು ಅವರದು. ಆದರೆ ದಟ್ಟ ಹೊಗೆ ತುಂಬಿದ ಕಾರಿಡಾರಿನಲ್ಲಿ ಕಣ್ಣಿರುವವರಿಗೂ ಏನೂ ಕಾಣುವುದಿಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಸತ್ತದ್ದು ಉಸಿರುಗಟ್ಟಿ. ಬಾಲ್ಕನಿಯಲ್ಲಿ ಹೆಚ್ಚುವರಿ ಕುರ್ಚಿಗಳನ್ನು ಹಾಕಿ ಓಡಾಟದ ಹಾದಿಯೊಂದನ್ನು ಮುಚ್ಚಲಾಗಿತ್ತು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಪ್ರಾಣ ಕಳೆದುಕೊಂಡಾಗಲೂ ಜನರನ್ನು ಕಂಗೆಡಿಸಿದ್ದು ಮಹಡಿಗಳನ್ನು ತುಂಬಿಕೊಂಡ ಹೊಗೆ. ಬಾಗಿಲಿನ ಮೇಲ್ಭಾಗದಲ್ಲಿ ಹಸಿರು ದೀಪದಲ್ಲಿ ಹೊಳೆಯುವ ನಿರ್ಗಮನ ಫಲಕ ಹೊಗೆಯಲ್ಲಿ ಎಲ್ಲಕ್ಕಿಂತ ಮೊದಲು ಮರೆಯಾಗುತ್ತದೆ, ಏಕೆಂದರೆ ಹೊಗೆ ಸೂರಿನಿಂದ ಕೆಳಕ್ಕೆ ಕವಿಯುತ್ತಾ ಬರುತ್ತದೆ. ಕೈಗೂ ಕಾಲಿಗೂ ಸಿಗುವ ಸೂಚಕಗಳನ್ನು ಕೆಲವರಿಗಾಗಿ ಮಾಡುವ ಉಪಕಾರವೆಂದು ಕಾಣುವ ಮನೋಭಾವವನ್ನು ಇಲ್ಲಿಯೇ ಬಿಡುವುದು ಒಳ್ಳೆಯದು.

ಆಯ್ಕೆಗಳನ್ನು ಅಳೆಯಲು ನಾನು ಬಳಸುವುದು ಮೂರು ಪ್ರಶ್ನೆಗಳನ್ನು. ಮುಟ್ಟಿದಾಗ ಈ ಸೂಚಕ ಇದು ಯಾವ ಜಾಗವೆಂದು ಹೇಳುತ್ತದೆಯೇ? ದಾರಿ ಎಲ್ಲಿ ಸಾಗಿದೆಯೆಂದು ಹೇಳುತ್ತದೆಯೇ? ಹೊರಗೆ ಹೋಗಲು ಆ ದಾರಿಯಲ್ಲಿ ಯಾವ ಕಡೆಗೆ ತಿರುಗಬೇಕೆಂದು ಹೇಳುತ್ತದೆಯೇ? ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಸಾಮಗ್ರಿಗಳು ಮೊದಲ ಎರಡರಲ್ಲಿ ಒಂದಕ್ಕೆ ಮಾತ್ರ ಉತ್ತರ ಕೊಡುತ್ತವೆ. ಗಾಬರಿಯಲ್ಲಿ ದಿಕ್ಕು ತಪ್ಪಿದವರಿಗೆ ಎಲ್ಲಕ್ಕಿಂತ ಬೇಕಾದದ್ದು ಮೂರನೆಯದು.

ನೆಲದ ಉಬ್ಬು ಟೈಲ್ಸ್

ಇವುಗಳನ್ನು 1965ರಲ್ಲಿ ರೂಪಿಸಿದವರು ಜಪಾನಿನ ಸೆಯಿಚಿ ಮಿಯಾಕೆ. 1967ರ ಮಾರ್ಚ್ 18ರಂದು ಒಕಾಯಾಮಾ ನಗರದಲ್ಲಿ ಅಂಧರ ಶಾಲೆಯೊಂದರ ಸಮೀಪದ ರಸ್ತೆಯಲ್ಲಿ ಮೊದಲ ಬಾರಿಗೆ ಇವನ್ನು ಹಾಸಲಾಯಿತು. ಇಂದು ಜಗತ್ತಿನಾದ್ಯಂತ ಮುಖ್ಯವಾಗಿ ಎರಡು ಬಗೆಗಳು ಬಳಕೆಯಲ್ಲಿವೆ. ಉದ್ದುದ್ದ ಪಟ್ಟಿಗಳಿರುವ ಟೈಲ್ಸ್ ನಡೆಯುವ ದಾರಿಯನ್ನು ತೋರಿಸುತ್ತದೆ; ಗುಂಡು ಬೊಟ್ಟುಗಳಿರುವ ಟೈಲ್ಸ್ ನಿಲ್ಲಿ, ಮುಂದೆ ಮೆಟ್ಟಿಲೋ ಬಾಗಿಲೋ ತಿರುವೋ ಇದೆ ಎಂದು ಎಚ್ಚರಿಸುತ್ತದೆ. ಐಎಸ್‌ಒ 23599 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಉಬ್ಬಿನ ಎತ್ತರ 4ರಿಂದ 5 ಮಿಲಿಮೀಟರ್; ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಅಳತೆ 300 ಮಿ.ಮೀ. ಚೌಕ.

ತೆರೆದ ಜಾಗಗಳಲ್ಲಿ ಇದಕ್ಕೆ ಸಮನಾದ ಇನ್ನೊಂದು ಸಾಧನವಿಲ್ಲ. ಕಲ್ಯಾಣ ಮಂಟಪದ ಸಭಾಂಗಣ, ಆಸ್ಪತ್ರೆಯ ಹೊರರೋಗಿ ವಿಭಾಗದ ಹಜಾರ, ಶಾಲೆಯ ಪ್ರಾರ್ಥನಾ ಮಂದಿರ ಇಂಥ ಕಡೆ ಹಿಡಿದುಕೊಳ್ಳಲು ಗೋಡೆಯೇ ದೂರವಿರುವಾಗ ನೆಲವೊಂದೇ ಆಧಾರ. ಹೊಗೆಯ ಕೆಳಗೆ ತೆವಳುತ್ತಾ ಹೋಗುವವರ ಅಂಗೈಗೂ ಆ ಪಟ್ಟಿಗಳು ಸಿಗುತ್ತವೆ ಎಂಬುದು ಇದರ ಇನ್ನೊಂದು ಅನುಕೂಲ.

ಕೊರತೆಗಳು ಬೇರೆ ರೀತಿಯವು. ಪಟ್ಟಿಯ ಟೈಲ್ಸ್ ದಾರಿ ಇಲ್ಲಿದೆ ಎಂದಷ್ಟೇ ಹೇಳುತ್ತದೆ; ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಕಾಲಿಗೆ ಅದು ಒಂದೇ ಥರ. ಕೋಣೆಯಿಂದ ಹೊರಬಂದು ಸಾಲನ್ನು ಹಿಡಿದವರು ಬೆಂಕಿಯ ಕಡೆಗೇ ನಡೆಯುವ ಸಾಧ್ಯತೆ ಉಳಿದೇ ಇರುತ್ತದೆ. ದಪ್ಪ ಅಟ್ಟೆಯ ಬೂಟು ಹಾಕಿದವರಿಗೆ 4 ಮಿ.ಮೀ. ಉಬ್ಬು ಅಷ್ಟಾಗಿ ತಿಳಿಯುವುದಿಲ್ಲ, ಅದರಲ್ಲೂ ಬಿಳಿ ಕೋಲಿಲ್ಲದ ಸಾಮಾನ್ಯರಿಗೆ ಓಟದ ಗಡಿಬಿಡಿಯಲ್ಲಿ ತಿಳಿಯುವುದು ಇನ್ನೂ ಕಡಿಮೆ. ಗಾಲಿಕುರ್ಚಿಯಲ್ಲಿ ಸಾಗುವವರಿಗೂ ವಾಕರ್ ಹಿಡಿದ ವೃದ್ಧರಿಗೂ ಉದ್ದಕ್ಕೂ ಹಾಸಿದ ಉಬ್ಬು ತೊಡಕಾಗುತ್ತದೆ. ಆದ್ದರಿಂದ ಕಿರಿದಾದ ಕಾರಿಡಾರಿನ ನಟ್ಟನಡುವೆ ಇದನ್ನು ಹಾಸುವುದು ಜಾಣತನವಲ್ಲ. ಇನ್ನು ಗ್ರಾನೈಟ್ ನೆಲಕ್ಕೆ ಅಂಟಿಸಿದ ಸ್ಟೀಲ್ ಗುಂಡಿಗಳು ನೋಡಲು ಅಂದವಾಗಿದ್ದರೂ ನೀರು ಬಿದ್ದಾಗ ಜಾರುತ್ತವೆ, ನೆಲ ತೊಳೆಯುವ ಯಂತ್ರ ಓಡಾಡಿದಂತೆ ಒಂದೊಂದಾಗಿ ಕಿತ್ತು ಬರುತ್ತವೆ, ನೆಲದ ಬಣ್ಣಕ್ಕೂ ಅವುಗಳ ಬಣ್ಣಕ್ಕೂ ವ್ಯತ್ಯಾಸ ಕಡಿಮೆಯಾದ್ದರಿಂದ ಮಂದದೃಷ್ಟಿಯವರಿಗೆ ಕಾಣುವುದೂ ಇಲ್ಲ. ಹಳದಿ ಬಣ್ಣ ಲಾಬಿಯ ಅಂದ ಕೆಡಿಸುತ್ತದೆ ಎಂಬ ಆಕ್ಷೇಪಕ್ಕೆ ಮಣಿದು ಬೂದು ಬಣ್ಣವನ್ನು ಆರಿಸುವವರು, ಆ ಸಾಲನ್ನು ಮಂದದೃಷ್ಟಿಯವರಿಂದ ಮರೆಮಾಡಿದಂತೆಯೇ ಸರಿ.

ಗೋಡೆಯ ಹಿಡಿಕಂಬಿ

ಕಾರಿಡಾರುಗಳಿಗೆ ನನ್ನ ಮೊದಲ ಆಯ್ಕೆ ಇದು. ಸೊಂಟದ ಎತ್ತರದಲ್ಲಿ, ಅಂದರೆ ನೆಲದಿಂದ ಸುಮಾರು 900 ಮಿ.ಮೀ. ಮೇಲೆ, ಗೋಡೆಯುದ್ದಕ್ಕೂ ಸಾಗುವ ದುಂಡು ಕಂಬಿ ಅಂಧರಿಗೂ, ಹೊಗೆಯಲ್ಲಿ ಸಿಕ್ಕಿದ ದೃಷ್ಟಿಯುಳ್ಳವರಿಗೂ, ನಡಿಗೆಯಲ್ಲಿ ಆಧಾರ ಬೇಕಾದ ಹಿರಿಯರಿಗೂ ಒಟ್ಟಿಗೆ ಒದಗುತ್ತದೆ. ಬೂಟಿನ ಅಟ್ಟೆಯಂತೆ ಕೈಗೂ ಕಂಬಿಗೂ ನಡುವೆ ಏನೂ ಅಡ್ಡ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಂಬಿಗೆ ದಿಕ್ಕನ್ನು ಹೇಳುವ ಶಕ್ತಿಯನ್ನು ತುಂಬಬಹುದು.

ಇದನ್ನು ಅತ್ಯಂತ ಸ್ಪಷ್ಟವಾಗಿ ಮಾಡಿ ತೋರಿಸಿರುವುದು ಅಮೆರಿಕದ ಕಲ್ಲಿದ್ದಲು ಗಣಿಗಳು. 2006ರ ಜನವರಿ 2ರಂದು ಪಶ್ಚಿಮ ವರ್ಜೀನಿಯಾದ ಸಾಗೊ ಗಣಿಯಲ್ಲಿ ಸ್ಫೋಟವಾಗಿ 12 ಕಾರ್ಮಿಕರು ಸತ್ತ ಬಳಿಕ, ಅದೇ ವರ್ಷ ಬಂದ ಕಾನೂನು ಪಾರಾಗುವ ದಾರಿಯುದ್ದಕ್ಕೂ ಬೆಂಕಿಗೆ ಸುಲಭವಾಗಿ ಹೊತ್ತಿಕೊಳ್ಳದ, ದಿಕ್ಕು ಸೂಚಿಸುವ ಹಗ್ಗ ಇರಬೇಕೆಂದು ವಿಧಿಸಿತು. ಆ ಹಗ್ಗದಲ್ಲಿ 100 ಅಡಿಗೆ ಮೀರದ ಅಂತರದಲ್ಲಿ ಒಂದೊಂದು ಶಂಕುವನ್ನು ಪೋಣಿಸಿರುತ್ತಾರೆ. ಶಂಕುವಿನ ಚೂಪು ತುದಿ ಗಣಿಯ ಒಳಕ್ಕೆ, ಅಗಲ ಬುಡ ಹೊರಕ್ಕೆ. ಹೊರಗೆ ಹೋಗುವ ಕೈಗೆ ಮೊದಲು ಚೂಪು ತುದಿ ಸಿಗುವುದರಿಂದ ಅಂಗೈ ಅದರ ಇಳಿಜಾರಿನ ಮೇಲೆ ನಯವಾಗಿ ಜಾರಿ ಮುಂದೆ ಸಾಗುತ್ತದೆ. ಒಳಮುಖವಾಗಿ ತಪ್ಪು ಹೊರಟವರ ಕೈ ಚಪ್ಪಟೆ ಬುಡಕ್ಕೆ ತಟ್ಟಿ ನಿಲ್ಲುತ್ತದೆ. ಒಂದರ ಹಿಂದೆ ಒಂದು ಎರಡು ಶಂಕುಗಳು ಬಂದರೆ ಮುಂದೆ ಕವಲು ಹಗ್ಗವಿದೆ ಎಂದರ್ಥ. ಪಕ್ಕದಲ್ಲಿ ಬಾಗಿಲಿರುವ ಕೂಡುಹಾದಿಗಳಲ್ಲಿ ಒಂದು ಗುಂಡು. ಓದು, ಬ್ರೈಲ್, ಬೆಳಕು ಯಾವುದೂ ಬೇಡ. ಒಮ್ಮೆ ತಿಳಿಸಿಕೊಟ್ಟರೆ ಕೈ ಮರೆಯುವುದಿಲ್ಲ.

ಕಟ್ಟಡಗಳ ಕಂಬಿಗೂ ಈ ತತ್ವವನ್ನು ಇಳಿಸಬಹುದು. ಕಂಬಿಯ ಒಳಮುಖದಲ್ಲಿ, ಬೆರಳ ತುದಿಗಳು ಹಾಯುವ ಕಡೆ, ಕೆಲವು ಮೀಟರುಗಳಿಗೊಮ್ಮೆ ಉಬ್ಬು ಬಾಣದ ಗುರುತನ್ನು ಕೂರಿಸಿದರೆ ಸಾಕು. ಕಾರಿಡಾರಿನ ಎರಡೂ ತುದಿಯಲ್ಲಿ ಮೆಟ್ಟಿಲುಗಳಿದ್ದರೆ ಬಾಣಗಳು ನಡುಮಧ್ಯದಿಂದ ಎರಡೂ ಕಡೆಗೆ ಬೇರ್ಪಡಬೇಕು, ಮತ್ತು ಇಡೀ ಕಟ್ಟಡದಲ್ಲಿ ಗುರುತು ಒಂದೇ ಬಗೆಯದಾಗಿರಬೇಕು. ಕಂಬಿಯನ್ನು ಹಿಡಿದು ನಿಲ್ಲಿಸುವ ಬ್ರಾಕೆಟ್‌ಗಳು ಕೆಳಗಿನಿಂದ ಬರಬೇಕೇ ಹೊರತು ಪಕ್ಕದಿಂದಲ್ಲ. ಇಲ್ಲವಾದರೆ ಜಾರುತ್ತಾ ಹೋಗುವ ಕೈ ಪ್ರತಿ ಬ್ರಾಕೆಟ್‌ನಲ್ಲೂ ತಡೆದು, ಕಂಬಿಯನ್ನು ಬಿಟ್ಟು ಮತ್ತೆ ಹುಡುಕಬೇಕಾಗುತ್ತದೆ. ಗೋಡೆಗೂ ಕಂಬಿಗೂ ನಡುವೆ ಬೆರಳುಗಳು ಸರಾಗವಾಗಿ ಆಡುವಷ್ಟು, ಸುಮಾರು 50 ಮಿ.ಮೀ. ಜಾಗ ಬೇಕು. ಆಸ್ಪತ್ರೆಗಳಲ್ಲಿ ಕಾಣುವ ಪಿವಿಸಿ ಹೊದಿಕೆಯ ಕಂಬಿಗಳು ಕೈಗೆ ಹಿತವಾದರೂ ಪಿವಿಸಿ ಉರಿದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಉಸಿರು ಸುಡುವ ಅನಿಲ ಹೊರಡುತ್ತದೆ. ತಪ್ಪಿಸಿಕೊಳ್ಳುವ ಹಾದಿಗೆ ಹೊಸದಾಗಿ ಹಾಕಿಸುವುದಾದರೆ ಸ್ಟೀಲ್ ಕಂಬಿಯೇ ಮೇಲು.

ಕಂಬಿಯ ದೌರ್ಬಲ್ಯವಿರುವುದು ಅದರ ತುಂಡುಗಳಲ್ಲಿ. ಪ್ರತಿ ಬಾಗಿಲಿನಲ್ಲೂ ಅದು ಕಡಿಯುತ್ತದೆ. ಒಂದು ಬಾಗಿಲಿನ ಅಗಲವನ್ನು ಕೈ ಚಾಚಿ ದಾಟಬಹುದು, ಆದರೆ ಲಿಫ್ಟಿನ ಲಾಬಿಯಷ್ಟು ಅಗಲದ ಬಿಡುವನ್ನು ಹಾಗೆ ದಾಟಲಾಗದು, ಅಲ್ಲಿ ನೆಲದ ಪಟ್ಟಿಯೇ ಸೇತುವೆಯಾಗಬೇಕು. ಅಪಾರ್ಟ್‌ಮೆಂಟುಗಳಲ್ಲಿ ಇನ್ನೊಂದು ತೊಡಕಿದೆ: ಗೋಡೆಯ ಬದಿಯೆಂದರೆ ಚಪ್ಪಲಿ ಸ್ಟ್ಯಾಂಡು, ಮಕ್ಕಳ ಸೈಕಲ್ಲು, ನೀರಿನ ಕ್ಯಾನು, ಹೂಕುಂಡಗಳ ಜಾಗವೆಂದೇ ರೂಢಿಯಾಗಿದೆ. ಅವುಗಳನ್ನು ತೆಗೆಸುವ ಧೈರ್ಯ ಸಂಘಕ್ಕಿಲ್ಲದಿದ್ದರೆ ಕಂಬಿಗೆ ಹಣ ಹಾಕಿ ಪ್ರಯೋಜನವಿಲ್ಲ. ಜೊತೆಗೆ ಕಂಬಿ ಹಾಕಿದ ಮೇಲೂ ಕಾರಿಡಾರಿಗೆ ನಿಯಮದ ಪ್ರಕಾರ ಇರಬೇಕಾದ ಅಗಲ ಉಳಿಯುತ್ತದೆಯೇ ಎಂದು ಮೊದಲೇ ಅಳೆದುಕೊಳ್ಳಬೇಕು.

ಬಾಗಿಲ ಪಕ್ಕದ ಉಬ್ಬು ಫಲಕ

ಸಾಲಾಗಿ ಹಲವು ಬಾಗಿಲುಗಳಿರುವಾಗ ಯಾವುದು ಮೆಟ್ಟಿಲಿನದು, ಯಾವುದು ವಿದ್ಯುತ್ ಕೋಣೆಯದು, ಯಾವುದು ಶೌಚಾಲಯದ್ದು ಎಂದು ಕಂಬಿಯಾಗಲಿ ಟೈಲ್ಸ್ ಆಗಲಿ ಹೇಳಲಾರವು. ಆ ಕೆಲಸ ಫಲಕದ್ದು. ಇದು ಮೂರರಲ್ಲಿ ಅತಿ ಕಡಿಮೆ ಖರ್ಚಿನದು, ಒಂದೇ ದಿನದಲ್ಲಿ ಹಾಕಿ ಮುಗಿಸಬಹುದಾದದ್ದು, ಯಾವ ಕಟ್ಟಡವೂ ಬಿಡಬಾರದ್ದು. ಅಮೆರಿಕದ ಅಂಗವಿಕಲರ ಹಕ್ಕುಗಳ ಕಾನೂನಾದ ಎಡಿಎಯ 2010ರ ಮಾನದಂಡಗಳು ನಿರ್ಗಮನದ ಮೆಟ್ಟಿಲು ಮತ್ತು ಹೊರಬಾಗಿಲುಗಳಲ್ಲಿ ಇದನ್ನು ಕಡ್ಡಾಯ ಮಾಡಿವೆ: ಅಕ್ಷರಗಳು ಕನಿಷ್ಠ 0.8 ಮಿ.ಮೀ. ಉಬ್ಬಿರಬೇಕು, ಕೆಳಗೆ ಬ್ರೈಲ್ ಇರಬೇಕು, ನೆಲದಿಂದ 1220ರಿಂದ 1525 ಮಿ.ಮೀ. ಎತ್ತರದ ಒಳಗಿರಬೇಕು, ಬಾಗಿಲಿನ ಹಿಡಿಕೆ ಇರುವ ಬದಿಯ ಗೋಡೆಯ ಮೇಲಿರಬೇಕು. ಕೊನೆಯ ಅಂಶ ಸಣ್ಣದೆನಿಸಿದರೂ ಕೈ ಎಲ್ಲಿ ಹುಡುಕಬೇಕೆಂಬುದು ಅದರಿಂದ ನಿಶ್ಚಯವಾಗುತ್ತದೆ. ಬಾಗಿಲಿನ ಹಲಗೆಯ ಮೇಲೆಯೇ ಫಲಕ ಅಂಟಿಸಿದರೆ, ಓದುತ್ತಾ ನಿಂತವರ ಮುಖಕ್ಕೆ ಬಾಗಿಲು ಬಡಿಯಬಹುದು.

ನಮ್ಮಲ್ಲಿ ಫಲಕ ಬರೆಸುವಾಗ ಬ್ರೈಲ್ ಒಂದೇ ಸಾಕೆಂದು ಭಾವಿಸುವುದುಂಟು. ಗ್ಲಾಕೋಮಾದಿಂದಲೋ ಸಕ್ಕರೆ ಕಾಯಿಲೆಯಿಂದಲೋ ನಡುವಯಸ್ಸಿನ ನಂತರ ದೃಷ್ಟಿ ಕಳೆದುಕೊಂಡವರಲ್ಲಿ ಹಲವರು ಬ್ರೈಲ್ ಕಲಿತಿರುವುದಿಲ್ಲ. ಸಕ್ಕರೆ ಕಾಯಿಲೆ ಬೆರಳ ತುದಿಯ ಸೂಕ್ಷ್ಮತೆಯನ್ನೂ ಕುಂದಿಸಬಲ್ಲದು, ಆಗ ಬ್ರೈಲಿನ ಸಣ್ಣ ಚುಕ್ಕಿಗಳು ಕೈಗೆ ಬೇರೆಬೇರೆಯಾಗಿ ತಿಳಿಯುವುದೇ ಕಷ್ಟ. ಅಂಥವರಿಗೆ ದೊಡ್ಡ ಉಬ್ಬು ಅಕ್ಷರ, ಉಬ್ಬಿದ ಮೆಟ್ಟಿಲಿನ ಚಿತ್ರ ಹೆಚ್ಚು ನೆರವಾಗುತ್ತವೆ. ಕನ್ನಡದ ಅಕ್ಷರಗಳಲ್ಲಿ ಬಾಗುಗಳೂ ಒತ್ತಕ್ಷರಗಳೂ ಹೆಚ್ಚಿರುವುದರಿಂದ ಉಬ್ಬು ಬರಹದಲ್ಲಿ ಅಕ್ಷರದ ಗಾತ್ರ, ನಡುವಿನ ಬಿಡುವು ಎರಡನ್ನೂ ಧಾರಾಳವಾಗಿಡಬೇಕು, ಪದಗಳು ಚಿಕ್ಕವಿರಬೇಕು: ‘ಹೊರದಾರಿ, ಮೆಟ್ಟಿಲು ಕೆಳಕ್ಕೆ’ ಎಂಬಷ್ಟು ಸಾಕು. ಕನ್ನಡ ಬ್ರೈಲ್ ಮತ್ತು ಇಂಗ್ಲಿಷ್ ಬ್ರೈಲ್ ಎರಡನ್ನೂ ಹಾಕಿಸಿ, ಅಚ್ಚಾದ ಫಲಕವನ್ನು ಬ್ರೈಲ್ ಬಲ್ಲವರ ಕೈಯಲ್ಲಿ ಓದಿಸಿ ನೋಡದೆ ಗೋಡೆಗೆ ಏರಿಸಬೇಡಿ. ತಲೆಕೆಳಗಾದ ಬ್ರೈಲ್ ಕಣ್ಣಿರುವವರಿಗೆ ಎಂದೂ ಗೊತ್ತಾಗುವುದಿಲ್ಲ.

ಬಾಗಿಲಿನ ಹಿಡಿಕೆಯನ್ನೇ ಒರಟಾಗಿ ಮಾಡಿ ಗುರುತಾಗಿಸಿದರೆ ಹೇಗೆ ಎಂಬ ಸಲಹೆ ಆಗಾಗ ಬರುತ್ತದೆ. ಇದನ್ನು ಮಾಡಬಾರದು. ಅಮೆರಿಕದ ಫೆಡರಲ್ ಕಟ್ಟಡಗಳಿಗೆ 1984ರಲ್ಲಿ ಹೊರಟ ಪ್ರವೇಶಸೌಲಭ್ಯ ಮಾನದಂಡದಲ್ಲಿ ಒರಟು ಹಿಡಿಕೆ ಅಪಾಯದ ಕೋಣೆಯ ಗುರುತಾಗಿತ್ತು, ಅಂದರೆ ಬಾಯ್ಲರ್ ಕೋಣೆಯಂಥ ಕಡೆಗೆ ಹೋಗಬೇಡಿ ಎಂಬ ಎಚ್ಚರಿಕೆ. ತುರ್ತು ನಿರ್ಗಮನದ ಬಾಗಿಲುಗಳಿಗೆ ಅದನ್ನು ಹಾಕಲೇಬಾರದೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಒಂದು ಕಡೆ ಬೇಡವೆಂದು ಹೇಳುವ ಗುರುತು ಇನ್ನೊಂದು ಕಡೆ ಬನ್ನಿ ಎಂದು ಹೇಳುವಂತಾದರೆ ಎರಡರ ಮೇಲೂ ನಂಬಿಕೆ ಹೋಗುತ್ತದೆ.

ಮೆಟ್ಟಿಲಿನ ಒಳಗೆ

ಮೆಟ್ಟಿಲಿನ ಬಾಗಿಲು ಸಿಕ್ಕಿದ ಕೂಡಲೇ ಕೆಲಸ ಮುಗಿಯಿತೆಂದು ಹೆಚ್ಚಿನ ಯೋಜನೆಗಳು ಅಲ್ಲಿಗೇ ನಿಲ್ಲುತ್ತವೆ. ಹಲವು ಹಳೆಯ ಕಟ್ಟಡಗಳಲ್ಲಿ ಅದೇ ಮೆಟ್ಟಿಲು ನೆಲಮಹಡಿಯನ್ನು ದಾಟಿ ಬೇಸ್‌ಮೆಂಟಿನ ಪಾರ್ಕಿಂಗ್‌ವರೆಗೆ ಇಳಿಯುತ್ತದೆ. ಕತ್ತಲಲ್ಲಿ ಕಂಬಿ ಹಿಡಿದು ಇಳಿಯುವವರಿಗೆ ಹೊರಗೆ ಹೋಗುವ ಮಹಡಿ ಯಾವಾಗ ಬಂತೆಂದು ತಿಳಿಯದೆ, ಅವರು ಹೊಗೆ ತುಂಬಿರಬಹುದಾದ ಬೇಸ್‌ಮೆಂಟಿಗೆ ಇಳಿದುಬಿಡಬಹುದು. ಇದಕ್ಕೆ ಪರಿಹಾರ ದುಬಾರಿಯಲ್ಲ. ಪ್ರತಿ ಮಹಡಿಯ ಕಂಬಿಯ ತುದಿಯಲ್ಲಿ ಮಹಡಿಯ ಸಂಖ್ಯೆಯನ್ನು ಉಬ್ಬು ಅಂಕಿಯಲ್ಲೂ ಬ್ರೈಲಿನಲ್ಲೂ ಕೂರಿಸಿ, ನೆಲಮಹಡಿಗೆ ಮಾತ್ರ ಬೇರೆಲ್ಲೂ ಇಲ್ಲದ ದೊಡ್ಡ ಗುರುತೊಂದನ್ನು ಇಡಬೇಕು. ಅಲ್ಲಿಂದ ಕೆಳಕ್ಕೆ ಇಳಿಯುವ ಹಾದಿಗೆ ತಳ್ಳಿದರೆ ತೆರೆಯುವ ಗೇಟೊಂದನ್ನು ಅಡ್ಡವಾಗಿ ಹಾಕಬೇಕು. ಕಂಬಿ ಮೊದಲ ಮತ್ತು ಕೊನೆಯ ಮೆಟ್ಟಿಲುಗಳಿಂದ 300 ಮಿ.ಮೀ. ಆಚೆಗೆ ನೇರವಾಗಿ ಚಾಚಿಕೊಂಡಿದ್ದರೆ ಮೆಟ್ಟಿಲು ಮುಗಿಯಿತೆಂದು ಕಾಲಿಗಿಂತ ಮೊದಲೇ ಕೈಗೆ ತಿಳಿಯುತ್ತದೆ. ಮೆಟ್ಟಿಲು ಆರಂಭವಾಗುವ ಮುಂಚೆ ಬೊಟ್ಟಿನ ಟೈಲ್ಸ್ ಇರಬೇಕು. ಅಲ್ಲಿ ಪಟ್ಟಿಯ ಟೈಲ್ಸ್ ಹಾಕುವುದು, ನಿಲ್ಲಿ ಎನ್ನಬೇಕಾದ ಕಡೆ ನಡೆಯಿರಿ ಎಂದಂತೆ.

ಮೆಟ್ಟಿಲಿನ ಅಂಚಿಗೆ ಕತ್ತಲಲ್ಲಿ ಹೊಳೆಯುವ ಪಟ್ಟಿಯನ್ನು ಬಳಿಯುವ ಕ್ರಮ ಸ್ಪರ್ಶ ಸೂಚಕವಲ್ಲದಿದ್ದರೂ ಮಂದದೃಷ್ಟಿಯವರಿಗೆ ಬಹಳ ಸಹಕಾರಿ. ನ್ಯೂಯಾರ್ಕ್ ನಗರ 2004ರ ಕಾನೂನಿನಲ್ಲಿ ಎತ್ತರದ ಕಚೇರಿ ಕಟ್ಟಡಗಳ ಮೆಟ್ಟಿಲುಗಳಿಗೆ ಇದನ್ನು ವಿಧಿಸಿತು.

ಉಬ್ಬು ನಕ್ಷೆ ಮತ್ತು ಮುಂಚಿನ ಪರಿಚಯ

ಪ್ರವೇಶದ್ವಾರದಲ್ಲಿ ನಿಲ್ಲಿಸುವ ಉಬ್ಬು ನಕ್ಷೆಗೆ ಹೆಚ್ಚು ಹಣ ಹೋಗುತ್ತದೆ, ಉದ್ಘಾಟನೆಯ ಫೋಟೊಗಳಲ್ಲಿ ಚೆನ್ನಾಗಿಯೂ ಕಾಣುತ್ತದೆ. ಬೆಂಕಿಯ ಸಮಯದಲ್ಲಿ ಯಾರೂ ಅದರ ಮುಂದೆ ನಿಂತು ಓದುವುದಿಲ್ಲ. ಅದರ ಉಪಯೋಗವೆಲ್ಲ ಅದಕ್ಕೂ ಮುಂಚಿನದು: ಹೊಸದಾಗಿ ಸೇರಿದ ಉದ್ಯೋಗಿ, ಹಾಸ್ಟೆಲಿಗೆ ಬಂದ ವಿದ್ಯಾರ್ಥಿ ಕಟ್ಟಡದ ರೂಪವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದಕ್ಕೆ. ಹಣ ಕಡಿಮೆಯಿದ್ದಲ್ಲಿ ನಾನು ಇದನ್ನು ಪಟ್ಟಿಯ ಕೊನೆಗೆ ಹಾಕುತ್ತೇನೆ. ನಕ್ಷೆಯ ಬದಲು ಒಬ್ಬರು ಜೊತೆಗೆ ನಡೆದು ಎರಡೂ ಮೆಟ್ಟಿಲುಗಳನ್ನು ಕೈಯಾರೆ ಮುಟ್ಟಿಸಿ ತೋರಿಸಿದರೆ ಅದೇ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ಉತ್ತರ ಗೋಪುರದ 78ನೇ ಮಹಡಿಯಿಂದ ತಮ್ಮ ಮಾರ್ಗದರ್ಶಿ ನಾಯಿ ರೊಸೆಲ್‌ಳೊಂದಿಗೆ ಮೆಟ್ಟಿಲಿಳಿದು ಪಾರಾದ ಅಂಧ ಉದ್ಯೋಗಿ ಮೈಕೆಲ್ ಹಿಂಗ್ಸನ್, ಕಟ್ಟಡದ ತುರ್ತು ದಾರಿಗಳನ್ನು ಮೊದಲೇ ಕಲಿತಿದ್ದುದು ತಮಗೆ ನೆರವಾಯಿತೆಂದು ಮುಂದೆ ಹಲವು ಬಾರಿ ಹೇಳಿದ್ದಾರೆ.

ಯಾವ ಕಟ್ಟಡಕ್ಕೆ ಯಾವುದು

ಬಾಗಿಲ ಫಲಕ ಮತ್ತು ಮೆಟ್ಟಿಲಿನ ಮಹಡಿ ಗುರುತು ಎಲ್ಲ ಕಟ್ಟಡಗಳಿಗೂ ಬೇಕು. ಅವನ್ನು ಆಯ್ಕೆಯೆಂದು ಪರಿಗಣಿಸುವ ಹಾಗಿಲ್ಲ. ಅದರ ಮೇಲೆ, ಆಸ್ಪತ್ರೆಗಳಲ್ಲಿ ಕಂಬಿ ಹೇಗೂ ಇರುವುದರಿಂದ ದಿಕ್ಕಿನ ಗುರುತನ್ನು ಸೇರಿಸಿ, ಕಡಿದ ಕಡೆ ನೆಲದ ಪಟ್ಟಿಯಿಂದ ಜೋಡಿಸುವುದು ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಪ್ರಯೋಜನ ಕೊಡುವ ಕೆಲಸ. ಸಭಾಂಗಣ, ಕಲ್ಯಾಣ ಮಂಟಪಗಳಲ್ಲಿ ನೆಲದ ಟೈಲ್ಸ್‌ಗೆ ಆದ್ಯತೆ ಕೊಡಬೇಕು, ಆದರೆ ಕುರ್ಚಿಗಳನ್ನು ಅದರ ಮೇಲೆ ಜೋಡಿಸದಂತೆ ನೋಡಿಕೊಳ್ಳುವ ಹೊಣೆ ಯಾರದೆಂದು ಬರವಣಿಗೆಯಲ್ಲಿ ನಿಗದಿಯಾಗಬೇಕು. ಅಪಾರ್ಟ್‌ಮೆಂಟಿನ ಕಾರಿಡಾರಿಗೆ ಕಂಬಿ. ದೊಡ್ಡ ಶಾಲೆಗಳಲ್ಲಿ ಕಂಬಿಯನ್ನು ಎರಡು ಎತ್ತರಗಳಲ್ಲಿ ಹಾಕಿದರೆ ಚಿಕ್ಕ ಮಕ್ಕಳ ಕೈಗೂ ಎಟುಕುತ್ತದೆ. ಬಾಡಿಗೆ ಕಚೇರಿಗಳಲ್ಲಿ ನೆಲ ಗೋಡೆಗಳನ್ನು ಮುಟ್ಟಲು ಮಾಲೀಕರು ಒಪ್ಪದಿದ್ದರೆ ಫಲಕ ಹಾಗೂ ಪ್ರತಿ ಉದ್ಯೋಗಿಗೂ ಲಿಖಿತವಾದ ವೈಯಕ್ತಿಕ ಪಾರಾಗುವ ಯೋಜನೆ, ಇಷ್ಟನ್ನಾದರೂ ತಕ್ಷಣ ಮಾಡಬಹುದು.

ಸ್ಪರ್ಶ ಸೂಚಕದ ಹಾದಿ ಲಿಫ್ಟಿನ ಲಾಬಿಯನ್ನು ದಾಟುವಲ್ಲಿ ಸಾಮಾನ್ಯ ಓಡಾಟದ ಸಾಲೂ ತುರ್ತಿನ ಸಾಲೂ ಒಂದನ್ನೊಂದು ಕೂಡುತ್ತವೆ. ಅಲ್ಲಿ ಬೊಟ್ಟಿನ ಟೈಲ್ಸ್ ಹಾಕಿ ಕವಲನ್ನು ತಿಳಿಸಿ, ಮೆಟ್ಟಿಲಿನ ಕಡೆಗೆ ಹೋಗುವ ಕವಲಿನ ಪಕ್ಕದ ಗೋಡೆಯಲ್ಲಿ ಉಬ್ಬು ಫಲಕವನ್ನಿಡುವುದು ಅಗತ್ಯ.

ಕಾನೂನಿನ ದೃಷ್ಟಿಯಿಂದಲೂ ಇದನ್ನು ಮುಂದೂಡುವಂತಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಅಪಾಯದ ಸಂದರ್ಭಗಳಲ್ಲಿ ಸಮಾನ ರಕ್ಷಣೆಯನ್ನು ಹೇಳುತ್ತದೆ. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2021ರಲ್ಲಿ ಸಾರ್ವತ್ರಿಕ ಪ್ರವೇಶಸೌಲಭ್ಯದ ಸಮನ್ವಿತ ಮಾರ್ಗಸೂಚಿಗಳನ್ನು ಹೊರಡಿಸಿದೆ. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರೀ ಶಿಫಾರಸಿನಂತಿರುವ ನಿಯಮಗಳು ಕಾಯ್ದೆಯ ಆಶಯಕ್ಕೆ ಸಾಲವು, ಕಡ್ಡಾಯವಾಗಿ ಪಾಲಿಸಬೇಕಾದ ಮಾನದಂಡಗಳನ್ನು ಬೇರೆಯಾಗಿ ರೂಪಿಸಬೇಕು ಎಂದು ಹೇಳಿತು.

ಗುತ್ತಿಗೆದಾರರಿಗೆ ಕೊನೆಯ ಕಂತನ್ನು ಕೊಡುವ ಮುನ್ನ ಒಂದು ಪರೀಕ್ಷೆಯನ್ನು ಕರಾರಿನಲ್ಲೇ ಬರೆಸಿಕೊಳ್ಳಿ. ಆ ಕಟ್ಟಡದ ಪರಿಚಯ ಹೆಚ್ಚಿಲ್ಲದ ಇಬ್ಬರು ಮೂವರನ್ನು, ಅವರಲ್ಲಿ ಒಬ್ಬರಾದರೂ ಬಿಳಿ ಕೋಲು ಬಳಸುವವರು, ಇನ್ನೊಬ್ಬರು ಬ್ರೈಲ್ ಬಾರದವರು ಇರುವಂತೆ, ಮೇಲಿನ ಮಹಡಿಯ ನಡುವಿನ ಕೋಣೆಯಿಂದ ಹೊರಡಿಸಬೇಕು. ಯಾರೂ ಬಾಯಿಮಾತಿನಲ್ಲಿ ದಾರಿ ಹೇಳದೆ, ಜೊತೆಗೊಬ್ಬರು ಸುರಕ್ಷತೆಗಾಗಿ ಹಿಂದೆ ನಡೆಯುತ್ತಾ ಇರಬೇಕು. ಅವರು ಎಲ್ಲೆಲ್ಲಿ ನಿಂತು ಕೈಯಾಡಿಸಿದರು, ಎಲ್ಲಿ ಹಿಂತಿರುಗಿದರು, ನೆಲಮಹಡಿಯ ಗುರುತನ್ನು ಗಮನಿಸಿದರೇ ಎಂಬುದನ್ನು ಬರೆದಿಟ್ಟುಕೊಂಡು, ಆ ಜಾಗಗಳನ್ನು ಸರಿಪಡಿಸಿದ ಮೇಲೆಯೇ ಬಿಲ್ಲಿಗೆ ಸಹಿ ಹಾಕಬೇಕು. ಆಮೇಲೆ ಪ್ರತಿ ಅಗ್ನಿ ಡ್ರಿಲ್ಲಿನ ದಿನ ಸೆಕ್ಯುರಿಟಿ ಸಿಬ್ಬಂದಿಯಲ್ಲಿ ಒಬ್ಬರು ಕಣ್ಣುಮುಚ್ಚಿ ಕಂಬಿಯನ್ನು ಆದಿಯಿಂದ ಅಂತ್ಯದವರೆಗೆ ಸವರಿಕೊಂಡು ಹೋದರೆ, ಸಡಿಲವಾದ ಬ್ರಾಕೆಟ್ಟು, ಬಿದ್ದುಹೋದ ಬಾಣ, ಹೊಸದಾಗಿ ಬಂದು ಕೂತ ಚಪ್ಪಲಿ ಸ್ಟ್ಯಾಂಡು ಎಲ್ಲವೂ ಕೈಗೆ ಸಿಗುತ್ತವೆ.